ಯಾವ ಚಿಪ್ಪು ಒಯ್ಯಲಿ?

ಒಬ್ಬನೇ ಕುಳಿತು ತಿನ್ನುವ ಹಣ್ಣನ್ನು ಆರಿಸುವುದು ಸುಲಭ. ಹೊಟ್ಟೆಯಲ್ಲಿ ಹಸಿವೆಷ್ಟು, ಕಿಸೆಯಲ್ಲಿ ಕಾಸೆಷ್ಟು ಎಂದು ನೋಡಿಕೊಂಡರೆ ಸಾಕು. ಮನೆಗೆ ಬಂದ ಅತಿಥಿಗಾಗಿ ಆರಿಸುವುದೂ ಅಷ್ಟೇನೂ ಕಷ್ಟವಲ್ಲ. ಅತಿಥಿ ಸಭ್ಯನಾದರೆ ಏನು ಕೊಟ್ಟರೂ ಚೆನ್ನಾಗಿದೆ ಎನ್ನುತ್ತಾನೆ. ಆದರೆ ಏಳು ಜನ ಸೇರಿ, ತಲೆಗೊಂದು ಬಗೆಯಂತೆ ಹಣ್ಣು ತಂದು, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು, ಇದು ಹೀಗೆ, ಅದು ಹಾಗೆ ಎಂದು ಸವಿದು ನೋಡುವ ಕೂಟಕ್ಕೆ ನಾನೇನು ಒಯ್ಯಲಿ ಎಂಬ ಪ್ರಶ್ನೆಯಿದೆಯಲ್ಲ, ಅದು ಒಬ್ಬ ಮನುಷ್ಯನನ್ನು ಎರಡು ವಾರ ನಿದ್ದೆಗೆಡಿಸಬಲ್ಲದು. ಇದು ಕಳೆದ ಮಾಘ ಮಾಸದಲ್ಲಿ ನನಗೆ ಅನುಭವಕ್ಕೆ ಬಂದ ಸಂಗತಿ. ಅದನ್ನೇ ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಾವು ಏಳು ಮಂದಿ, ಹೆಚ್ಚಿನವರು ಪಾಠ ಹೇಳಿ ನಿವೃತ್ತರಾದವರು, ವರ್ಷಕ್ಕೊಮ್ಮೆ ಸೋಮನಾಥಪುರದಲ್ಲಿ ಸೇರುತ್ತೇವೆ. ಅಲ್ಲಿ ನಮ್ಮೊಬ್ಬ ಮಿತ್ರರ ಹಳೆಯ ಮನೆಯಿದೆ. ಮನೆಗೆ ಅಗಲವಾದ ಜಗಲಿಯಿದೆ. ಬೆಳಿಗ್ಗೆ ಕೇಶವ ದೇವಾಲಯವನ್ನು ಒಂದು ಸುತ್ತು ನೋಡುವುದು, ಬಳಿಕ ಆ ಜಗಲಿಯ ಮೇಲೆ ಬಾಳೆಹಣ್ಣಿನ ಸವಿಗೋಷ್ಠಿ. ಬಾಳೆಯೇ ಏಕೆ ಎಂದರೆ, ಅದಕ್ಕೆ ದೇವಾಲಯವೇ ಕಾರಣ. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥ ಕಟ್ಟಿಸಿದ ಈ ಗುಡಿಯ ಹೊರಗೋಡೆಯ ಶಿಲ್ಪವನ್ನೂ, ಅಲ್ಲಿ ಮತ್ತೆ ಮತ್ತೆ ಕಾಣುವ ಮಲ್ಲಿತಮ್ಮನ ಹೆಸರನ್ನೂ ನೋಡಿ ತಣಿದವರು ಒಳಗೆ ಹೋಗಿ ತಲೆಯೆತ್ತಬೇಕು. ಮಂಟಪದ ಒಳಮಾಳಿಗೆಗಳಲ್ಲಿ ಬಾಳೆಯ ಹೂ ತಲೆಕೆಳಗಾಗಿ ತೂಗುತ್ತದೆ. ಒಂದು ಅಂಕಣದಲ್ಲಿ ಮುಚ್ಚಿದ ಮೊಗ್ಗು, ಇನ್ನೊಂದರಲ್ಲಿ ಅರೆಬಿರಿದದ್ದು, ಮತ್ತೊಂದರಲ್ಲಿ ಎಸಳು ಚಾಚಿದ್ದು. ವರ್ಷಗಳ ಹಿಂದೆ ಆ ಮೊಗ್ಗುಗಳ ಕೆಳಗೆ ಕತ್ತು ನೋಯುವಂತೆ ನಿಂತಿದ್ದಾಗ ನಮ್ಮಲ್ಲೊಬ್ಬರು, 'ಇದು ಯಾವ ಬಾಳೆಯ ಹೂವೊ?' ಎಂದು ಕೇಳಿದರು. ವಾದ ಮೊದಲಾಯಿತು. ಕಲ್ಲಿನ ಹೂವು ಕಾಯಿ ಬಿಡುವುದಿಲ್ಲವಾದ್ದರಿಂದ ಅದು ತೀರ್ಮಾನವಾಗಲಿಲ್ಲ. ತೀರ್ಮಾನವಾಗದ ವಾದದಿಂದ ನಮ್ಮ ಗೋಷ್ಠಿ ಹುಟ್ಟಿತು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಸೋಮನಾಥಪುರವೂ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಾವು ಮಾತ್ರ ಅದಕ್ಕೂ ಮೊದಲಿಂದಲೇ ಅಲ್ಲಿಗೆ ಹೋಗುತ್ತಿದ್ದೆವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಗೋಷ್ಠಿಯ ಕಟ್ಟಳೆಗಳು ಕೆಲವೇ. ಒಬ್ಬೊಬ್ಬರು ಒಂದೇ ಚಿಪ್ಪು ತರಬೇಕು. ಎಲ್ಲಿಂದ ತಂದದ್ದೆಂದು ಬಾಯಿ ಬಿಡಬಾರದು. ಆ ಮನೆಯ ಯಜಮಾನಿತಿ ಹಣ್ಣುಗಳನ್ನು ಒಳಗೆ ಕೊಂಡುಹೋಗಿ, ಸುಲಿದು, ಹೋಳು ಮಾಡಿ, ಏಳು ಎಲೆಗಳ ಮೇಲೆ ಬಡಿಸಿ, ಎಲೆಯ ತುದಿಯಲ್ಲಿ ಒಂದರಿಂದ ಏಳರವರೆಗೆ ಮೆಣಸಿನ ಕಾಳುಗಳನ್ನಿಟ್ಟು ಕಳಿಸುತ್ತಾರೆ. ಯಾವ ಎಲೆಯ ಹಣ್ಣು ಯಾರದೆಂದು ಆಕೆಗೊಬ್ಬರಿಗೇ ಗೊತ್ತು. ಹೋಳು ಹೋಳಿನ ನಡುವೆ ಬಾಯಿ ಶುದ್ಧಿಗೆ ಒಂದು ಹಿಡಿ ಪುರಿ, ಒಂದು ಗುಟುಕು ನೀರು.

ಎಂಥ ಹಣ್ಣನ್ನು ತರಬಾರದು ಎಂಬುದನ್ನು ನಾವು ಎಡವಿ ಎಡವಿ ಕಲಿತೆವು. ಒಂದು ವರ್ಷ ಕಲಬುರಗಿ ಸೀಮೆಯ ಕಮಲಾಪುರದ ಕೆಂಪು ಬಾಳೆ ಬಂತು. ಒಳ್ಳೆಯ ಹಣ್ಣು, ಆದರೆ ಮೊದಲಿಗೇ ಬಂದು ಎಲ್ಲರ ಹೊಟ್ಟೆಯನ್ನೂ ತುಂಬಿಸಿಬಿಟ್ಟಿತು. ಆಮೇಲೆ ಬಂದ ಏಲಕ್ಕಿ ಬಾಳೆಯನ್ನು ಕೇಳುವವರಿಲ್ಲ. ಇನ್ನೊಂದು ವರ್ಷ ಹಿರಿಯರೊಬ್ಬರು ಪ್ರೀತಿ ಹೆಚ್ಚಾಗಿ ಬಾಳೆಯ ಜೊತೆಗೆ ಹಲಸಿನ ತೊಳೆಗಳನ್ನೂ ತಂದರು. ಹಲಸು ಜಗಲಿಯನ್ನು ಏರಿದ ಮೇಲೆ ಬೇರೆ ಯಾವ ಹಣ್ಣಿಗೆ ಅಲ್ಲಿ ವಾಸನೆಯುಂಟು? ಅಂದಿನ ತೀರ್ಪೆಲ್ಲ ಹಲಸಿನ ತೀರ್ಪೇ ಆಯಿತು. ಪಳನಿಯ ಪಂಚಾಮೃತಕ್ಕೆ ಹಾಕುವ ವಿರೂಪಾಕ್ಷಿ ಬಾಳೆಯನ್ನು ಒಬ್ಬರು ಬೆಟ್ಟದಿಂದಲೇ ತರಿಸಿದ್ದರು. ದಾರಿಯಲ್ಲಿ ಅದು ಪಂಚಾಮೃತವೇ ಆಗಿ ಬಂತು.

ನನ್ನ ಶಿಷ್ಯನೊಬ್ಬ ಬೆಂಗಳೂರಿನಲ್ಲಿದ್ದಾನೆ. ವೈನ್ ಸವಿಯುವ ಒಂದು ಮಿತ್ರಕೂಟದ ಸದಸ್ಯ. ನಾನು ಆ ಪದಾರ್ಥವನ್ನು ಮುಟ್ಟಿದವನಲ್ಲ. ಆದರೆ ಅವನ ಮಾತನ್ನು ಕೇಳುವುದರಲ್ಲಿ ದೋಷವಿಲ್ಲವಷ್ಟೆ. ನಂದಿಬೆಟ್ಟದ ತಪ್ಪಲಿನಲ್ಲಿ 1980ರ ದಶಕದ ಕೊನೆಯಿಂದ ಫ್ರಾನ್ಸಿನ ದ್ರಾಕ್ಷಿಬಳ್ಳಿಗಳನ್ನು ಬೆಳೆಸಿ ವೈನ್ ಮಾಡುತ್ತಿದ್ದಾರೆಂಬುದನ್ನು ಅವನಿಂದಲೇ ತಿಳಿದೆ. ಕೂಟಕ್ಕೆ ಯಾವ ಸೀಸೆ ಒಯ್ಯಬೇಕೆಂಬ ಚಿಂತೆ ಅವರಿಗೂ ಉಂಟಂತೆ. ಹಗುರವಾದದ್ದು ಮೊದಲು, ಗಡುಸಾದದ್ದು ಆಮೇಲೆ. ಉಳಿದವುಗಳ ಸೊಲ್ಲಡಗಿಸುವಂಥದ್ದನ್ನು ಒಯ್ಯಬಾರದು. ಬೆಲೆಯ ಚೀಟಿಯನ್ನು ತೋರಿಸುವುದಕ್ಕಾಗಿ ಒಯ್ಯಬಾರದು. ಸೀಸೆಗೆ ಬಟ್ಟೆ ಸುತ್ತಿ ಹೆಸರು ಮರೆಸಬೇಕು. ಹೆಸರನ್ನು ಮರೆಸಿದರೆ ಏನಾಗುತ್ತದೆಂಬುದಕ್ಕೆ ಅವನು 1976ರ ಮೇ 24ರಂದು ಪ್ಯಾರಿಸಿನಲ್ಲಿ ನಡೆದ ಕಥೆಯನ್ನು ಹೇಳಿದ. ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಒಂಬತ್ತು ಮಂದಿ ಫ್ರೆಂಚ್ ಪರಿಣತರ ಮುಂದೆ ಹೆಸರು ಹೇಳದೆ ಲೋಟಗಳನ್ನಿಟ್ಟ. ಕೆಂಪಿನಲ್ಲೂ ಬಿಳಿಯಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ಪಾಲಾಯಿತು. ತಮ್ಮ ನಾಲಗೆಯೇ ತಮ್ಮ ದೇಶಕ್ಕೆ ಎರಡು ಬಗೆಯಿತಲ್ಲಾ ಎಂದು ಆ ಪರಿಣತರು ಎಷ್ಟು ನೊಂದಿರಬೇಕು!

ನಮ್ಮ ದೇಶಕ್ಕೆ ಇಂಥ ಕೂಟಗಳು ಹೊಸವೇನಲ್ಲ. ವಾತ್ಸ್ಯಾಯನನ ನಾಗರಕರು ಒಬ್ಬರ ಮನೆಯಲ್ಲೊಬ್ಬರು ಸೇರಿ ಪಾನಗೋಷ್ಠಿ ನಡೆಸುತ್ತಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ರಾಜಭೋಗಗಳನ್ನು ಹೇಳುತ್ತ ಕುಡಿಯುವ ನೀರಿಗೇ ಒಂದು ಪ್ರಕರಣವನ್ನು ಮೀಸಲಿಟ್ಟ. ನೀರಿನಲ್ಲೂ ರುಚಿಯ ತಾರತಮ್ಯವನ್ನು ಕಂಡ ನಾಡು ಇದು.

ಇರಲಿ, ನನ್ನ ಸಂಕಟಕ್ಕೆ ಬರುತ್ತೇನೆ. ನಾನು ನಂಜನಗೂಡಿನವನು. ನಂಜನಗೂಡಿನವನು ಬಾಳೆಹಣ್ಣಿನ ಗೋಷ್ಠಿಗೆ ರಸಬಾಳೆಯನ್ನಲ್ಲದೆ ಬೇರೇನನ್ನು ತಂದಾನೆಂದು ಎಲ್ಲರೂ ಕಾಯುತ್ತಿದ್ದರು. ಪ್ರತಿ ವರ್ಷವೂ ಒಂದಲ್ಲ ಒಂದು ನೆಪ ಹೇಳಿ ಏಲಕ್ಕಿಯನ್ನೋ ಚಂದ್ರಬಾಳೆಯನ್ನೋ ಒಯ್ದು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ನಮ್ಮ ಗೋಷ್ಠಿಯ ಹಿರಿಯರಿಂದಲೇ ಅಪ್ಪಣೆ ಬಂತು: 'ರಸಬಾಳೆ ತಾ. ಇಲ್ಲವಾದರೆ ಇಲ್ಲವೆಂದು ಹೇಳು.'

ಅವರು ನನ್ನ ಹೈಸ್ಕೂಲಿನ ಕನ್ನಡ ಪಂಡಿತರು. ವಯಸ್ಸು ಎಂಬತ್ತನಾಲ್ಕು. ನಾವು ಅವರನ್ನು ಈಗಲೂ ಪಂಡಿತರೆಂದೇ ಕರೆಯುತ್ತೇವೆ. ಕಪಿಲೆಯ ಬಯಲಿನಲ್ಲಿ ಅವರಿಗೆ ಒಂದೂವರೆ ಎಕರೆ ರಸಬಾಳೆಯ ತೋಟವಿತ್ತು. ಪರೀಕ್ಷೆ ಮುಗಿದ ದಿನ ತರಗತಿಗೆ ಒಂದು ಕುಕ್ಕೆ ಹಣ್ಣು ಬರುತ್ತಿತ್ತು; ನಪಾಸಾಗುವವನಿಗೂ ಒಂದು ಹಣ್ಣು ಸಿಗುತ್ತಿತ್ತು. ತೆಳ್ಳನೆಯ ಸಿಪ್ಪೆ, ಕೆನೆಯ ಬಣ್ಣದ ತಿರುಳು, ಸಿಹಿಯ ಹಿಂದೆಯೇ ಬರುವ ಎಳೆಯಷ್ಟು ಹುಳಿ. ಒಬ್ಬ ಹುಡುಗ ತಿಂದರೆ ಮೂರು ಬೆಂಚಿಗೆ ಪರಿಮಳ. ನನ್ನ ನಾಲಗೆಯಲ್ಲಿ ರಸಬಾಳೆ ಎಂಬ ಶಬ್ದಕ್ಕೆ ಅರ್ಥವಿರುವುದು ಆ ಹಣ್ಣಿನಿಂದ.

ಆಮೇಲೆ ತೋಟಕ್ಕೆ ಸೊರಗು ಬಂತು. ಗಿಡದ ಕೆಳಗಿನ ಎಲೆ ಅಂಚಿನಿಂದ ಹಳದಿಯಾಗುತ್ತದೆ, ತೊಟ್ಟು ಮುರಿದು ಕಾಂಡದ ಸುತ್ತ ಜೋತುಬೀಳುತ್ತದೆ. ಬುಡವನ್ನು ಕಡಿದರೆ ಒಳಗೆ ಕೆಂಗಂದು ಎಳೆಗಳು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ನುಗ್ಗಿ ನೀರೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ಕಾಲಬುಡದಲ್ಲಿ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ. 1876ರಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ಮೊದಲು ವರ್ಣಿಸಿದರು. ಹೆಸರು ಮಾತ್ರ ಪನಾಮ ರೋಗವೆಂದಾಯಿತು. ಗ್ರಾಸ್ ಮಿಶೆಲ್ ಎಂಬ ಬಾಳೆಯನ್ನು ಮಧ್ಯ ಅಮೆರಿಕದ ದೊಡ್ಡ ದೊಡ್ಡ ತೋಟಗಳಿಂದ 1960ರ ಹೊತ್ತಿಗೆ ಬಹುಮಟ್ಟಿಗೆ ಅಳಿಸಿದ ರೋಗ ಇದೇ. ಅದರ ಜಾಗಕ್ಕೆ ಬಂದದ್ದು ನಾವು ಪಚ್ಚಬಾಳೆ ಎನ್ನುವ ಗುಂಪಿಗೆ ಸೇರಿದ ಹಣ್ಣು. ಲೋಕವೆಲ್ಲ ಇಂದು ಪಚ್ಚಬಾಳೆಯನ್ನು ತಿನ್ನುತ್ತಿರುವುದು ಅದರ ರುಚಿಗೆ ಸೋತಲ್ಲ, ಅದು ಆ ರೋಗಕ್ಕೆ ಸೋಲಲಿಲ್ಲವೆಂದು. ಈ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತದೆ. ಕಂದಿನ ಜೊತೆ, ಹರಿಯುವ ನೀರಿನ ಜೊತೆ, ಗುದ್ದಲಿಗೆ ಅಂಟಿದ ಮಣ್ಣಿನ ಜೊತೆ ಊರಿಂದೂರಿಗೆ ಹೋಗುತ್ತದೆ. ಮದ್ದು ಹೊಡೆದು ಮಣ್ಣಿನಿಂದ ಓಡಿಸುವಂಥದ್ದಲ್ಲ.

ಪಂಡಿತರು ತೋಟವನ್ನು ತಾವೇ ನಿಂತು ಕಡಿಸಿ ಸುಟ್ಟರು. ಎರಡು ವರ್ಷ ಬಿಟ್ಟು ಮತ್ತೆ ನೆಟ್ಟರು, ಹೋಯಿತು. ಮೂರನೆಯ ಸಲವೂ ನೆಟ್ಟರು, ಹೋಯಿತು. ಆಮೇಲೆ ಭತ್ತ ಹಾಕಿದರು. ಅಂದಿನಿಂದ ಅಂಗಡಿಯಲ್ಲಿ ಯಾರು ಏನು ತೋರಿಸಿದರೂ ಅವರದು ಒಂದೇ ಮಾತು: 'ಹೆಸರಿದೆ, ಹಣ್ಣಿಲ್ಲ.'

ಹೆಸರಿಗೇನೋ ಕಾನೂನಿನ ಕಾವಲು ಬಂದಿದೆ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಕೆಳಗೆ 2005-06ರಲ್ಲಿ ನಂಜನಗೂಡು ಬಾಳೆ ನೋಂದಣಿಯಾಯಿತು. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆಗಳೂ ಅದೇ ಕಾಲದವು. ಒಂದು ಪದಾರ್ಥದ ಗುಣಕ್ಕೂ ಅದು ಹುಟ್ಟಿದ ನೆಲಕ್ಕೂ ಇರುವ ನಂಟನ್ನು ಒಪ್ಪುವ ಕಾಯಿದೆ ಇದು. ನನ್ನ ಶಿಷ್ಯ ವೈನಿನ ವಿಷಯದಲ್ಲಿ ತೆರ್ವಾರ್ ಎಂಬ ಫ್ರೆಂಚ್ ಶಬ್ದವನ್ನು ಭಕ್ತಿಯಿಂದ ಉಚ್ಚರಿಸುತ್ತಾನೆ. ನಮ್ಮ ರೈತರು 'ಮಣ್ಣಿನ ಗುಣ' ಎಂದು ಮುಗಿಸುತ್ತಾರೆ. ಕಾನೂನು ಹೆಸರನ್ನು ಕಾಯಬಹುದು. ಗಿಡವನ್ನು ಕಾಯುವವರು ಬೇರೆಯವರೇ ಆಗಬೇಕು.

ನನ್ನ ಮುಂದೆ ಮೂರು ದಾರಿಗಳಿದ್ದುವು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ 'ನಂಜನಗೂಡು ರಸಬಾಳೆ' ಎಂದು ಕೂಗಿ ಮಾರುತ್ತಿದ್ದ ಒಂದು ಚಿಪ್ಪನ್ನು ನೋಡಿದೆ. ಚಿನ್ನದ ಬಣ್ಣ, ಒಂದು ಕಲೆಯಿಲ್ಲ. ಎಲ್ಲಿಯದಪ್ಪಾ ಎಂದು ಎರಡು ಸಲ ಕೇಳಿದ್ದಕ್ಕೆ, ಮಾರುವವನು ನಕ್ಕು, 'ತಮಿಳುನಾಡಿಂದು ಸಾರ್, ಜಾತಿ ಒಂದೇ' ಎಂದ. ಸುಳ್ಳು ಹೇಳಲಿಲ್ಲ ಅವನು. ತಮಿಳರ ರಸ್ತಾಳಿ, ಬಂಗಾಳದ ಮರ್ತಮಾನ್, ಬ್ರೆಜಿಲ್ ದೇಶದವರು ಸೇಬಿನ ಹೆಸರಿಟ್ಟು ಕರೆಯುವ ಬಾಳೆ, ಎಲ್ಲವೂ ನಮ್ಮ ರಸಬಾಳೆಯ ದಾಯಾದಿಗಳೇ. ಆದರೆ ಹೆಸರು ಹೇಳದ ಗೋಷ್ಠಿಗೆ ಹೆಸರು ಮಾತ್ರ ನಮ್ಮದಾದ ಹಣ್ಣನ್ನು ಒಯ್ಯಲು ಮನಸ್ಸು ಒಪ್ಪಲಿಲ್ಲ.

ಎರಡನೆಯದು, ಅಂಗಾಂಶ ಕೃಷಿಯ ಸಸಿಗಳಿಂದ, ಹಿಂದೆಂದೂ ಬಾಳೆ ಕಾಣದ ಹೊಸ ನೆಲದಲ್ಲಿ ಬೆಳೆದ ಹಣ್ಣು. ಬೆಳೆದವನು ಓದಿದ ಹುಡುಗ. ಲೆಕ್ಕವಿಟ್ಟು, ನೀರು ಅಳೆದು ಬೆಳೆಸಿದ್ದಾನೆ. ಪ್ರಯೋಗಾಲಯದ ಸಸಿ ರೋಗವಿಲ್ಲದೆ ಬರುತ್ತದೆಯೇ ಹೊರತು ರೋಗವನ್ನು ಎದುರಿಸುವ ಶಕ್ತಿಯನ್ನು ಹೊಸದಾಗಿ ಪಡೆದು ಬರುವುದಿಲ್ಲ ಎಂದು ಅವನೇ ಹೇಳಿದ. ಹಣ್ಣು ಚೆನ್ನಾಗಿತ್ತು. ಅದನ್ನು ಒಯ್ದರೆ ನನ್ನ ಮರ್ಯಾದೆಗೆ ಭಂಗವಿಲ್ಲ. ಗೋಷ್ಠಿಯಲ್ಲಿ ಅದು ಮೊದಲೋ ಎರಡನೆಯದೋ ಆಗುವುದು ಖಂಡಿತ. ಅದನ್ನೇ ಒಯ್ಯುತ್ತೇನೆಂದು ತೀರ್ಮಾನಿಸಿ ಎರಡು ರಾತ್ರಿ ಸುಖವಾಗಿ ಮಲಗಿದೆ.

ಮೂರನೆಯದು ಅನಂತರ ಸಿಕ್ಕಿತು. ರಸಬಾಳೆಯ ತವರೆಂದು ಹೆಸರಾದ ದೇವರಸನಹಳ್ಳಿಯ ಕಡೆಗೆ ಹೋಗಿದ್ದಾಗ, ಆ ಸುತ್ತಿನ ಒಂದು ಹಳ್ಳಿಯಲ್ಲಿ, ಮನೆಯೊಂದರ ಹಿತ್ತಿಲಲ್ಲಿ ಹನ್ನೊಂದು ಗಿಡಗಳಿವೆಯೆಂದು ಯಾರೋ ಹೇಳಿದರು. ಹೋದೆ. ಹಿತ್ತಿಲ ಬಾಗಿಲಲ್ಲಿ ಯಜಮಾನ ಕೈ ಅಡ್ಡ ಇಟ್ಟ.

'ಎಕ್ಕಡವ ಅಲ್ಲೇ ಬುಟ್ಬುಡಿ ಮೇಷ್ಟ್ರೇ.'

ನಾನು ಕಾಲು ಕೆಸರಾಗುತ್ತದೆಯೇನೋ ಎಂದು ಅನುಮಾನಿಸಿದೆ. 'ಕೆಸ್ರು ನಿಮ್ಗೆ ಅಂಟ್ಕಳದು ಹಂಗಿರ್ಲಿ. ಬ್ಯಾರೆ ತೋಟದ್ದ ನೀವು ತಂದ್ಬುಟ್ಟೀರಿ ಅಂತ' ಎಂದ. ದೇವರ ಗುಡಿಗೆ ಹೋಗುವಂತೆ ಬರಿಗಾಲಲ್ಲಿ ಹೋದೆ. ಮೂರು ತಲೆಮಾರಿನ ಕಂದುಗಳಂತೆ. ಹೊರಗಿನಿಂದ ಒಂದನ್ನೂ ತಂದು ನೆಟ್ಟಿಲ್ಲ, ಯಾರಿಗೂ ಕೊಟ್ಟಿಲ್ಲ. ಗುದ್ದಲಿಯೂ ಆ ಹಿತ್ತಿಲಿಗೇ ಬೇರೆ. ಒಂದು ಗೊನೆ ಬಲಿತಿತ್ತು: ಸಣ್ಣ ಗೊನೆ, ಡೊಂಕು ಕಾಯಿ, ಸಿಪ್ಪೆಯ ಮೇಲೆ ಕಂದು ಚುಕ್ಕೆ. 'ನಾಕ್ರಲ್ಲಿ ಒಂದ್ರೊಳಗೆ ಗಂಟಿರ್ತದೆ, ಈಗ್ಲೇ ಯೋಳ್ಬುಟ್ಟಿವ್ನಿ' ಎಂದು ಎಚ್ಚರಿಸಿದ. ಸಿಪ್ಪೆ ಹಣ್ಣಾದರೂ ತಿರುಳಿನ ಒಳಗೆ ಅಲ್ಲಲ್ಲಿ ಗಟ್ಟಿಯಾಗಿ ಉಳಿಯುವ ಗಂಟು ಈ ಜಾತಿಗೆ ಅಂಟಿದ ಹಳೆಯ ದೋಷ.

ಮಧ್ಯದ ಒಂದು ಚಿಪ್ಪನ್ನು ಕೊಯ್ದು ಕೊಟ್ಟ. ದುಡ್ಡು ಕೊಡಹೋದರೆ, 'ಹಣ್ಣಾಗ್ಲಿ, ಆಮ್ಯಾಕೆ ನೋಡವ' ಎಂದ.

ಇನ್ನು ಹಣ್ಣು ಮಾಡುವ ಪಾಡು. ಗೋಷ್ಠಿಗೆ ಆರು ದಿನ, ಲೆಕ್ಕ ಸರಿಯಾಗಿದೆಯೆಂದುಕೊಂಡೆ. ಮಾಘದ ಚಳಿಯನ್ನು ಮರೆತಿದ್ದೆ. ಭತ್ತದ ಹುಲ್ಲಿನಲ್ಲಿ ಮುಚ್ಚಿಟ್ಟ ಚಿಪ್ಪು ನಾಲ್ಕನೆಯ ದಿನವೂ ಹಸುರಾಗಿಯೇ ಇತ್ತು. ಅಂಗಡಿಯವರು ಬಳಸುತ್ತಿದ್ದ ಕಾರ್ಬೈಡ್ ಕಾನೂನಿಗೂ ವಿರುದ್ಧ, ನಾಲಗೆಗೂ ವಿರುದ್ಧ. ಡಬ್ಬದಲ್ಲಿಟ್ಟು ಊದುಬತ್ತಿ ಹೊಗೆ ಕೊಡೋಣವೆಂದೆ. 'ಪೂಜೆ ಮಾಡಿದ ಹಾಗಾದೀತು, ಹಣ್ಣಿಗೆ ಗಂಧದ ವಾಸನೆ ಹತ್ತುತ್ತೆ' ಎಂದು ಮನೆಯಾಕೆ ತಡೆದಳು. ಆಕೆಯೇ ಅಕ್ಕಿ ಡಬ್ಬದೊಳಗೆ ಚಿಪ್ಪನ್ನಿಟ್ಟು, ಜೊತೆಗೆ ಎರಡು ಕಳಿತ ಏಲಕ್ಕಿ ಹಣ್ಣನ್ನಿಟ್ಟು ಮುಚ್ಚಿದಳು. ಮಾಗಿದ ಹಣ್ಣು ಬಿಡುವ ಎಥಿಲೀನ್ ಎಂಬ ಅನಿಲ ಪಕ್ಕದ ಕಾಯನ್ನೂ ಮಾಗಿಸುತ್ತದೆಂಬುದು ಈಚಿನ ವಿಜ್ಞಾನ. ಅಕ್ಕಿ ಡಬ್ಬ ಅದಕ್ಕಿಂತ ಹಳೆಯದು.

ಆದರೆ ನಿಜವಾಗಿ ನಿದ್ದೆಗೆಡಿಸಿದ್ದು ಇದಲ್ಲ. ಆ ವಾರದಲ್ಲೇ ಪಂಡಿತರ ಸೊಸೆ ದೇವಸ್ಥಾನದ ಬಳಿ ಸಿಕ್ಕಿ, ದನಿ ತಗ್ಗಿಸಿ ಒಂದು ಮಾತು ಹೇಳಿದರು. 2021ರಲ್ಲಿ ಕೋವಿಡ್ ಬಂದು ಹೋದ ಮೇಲೆ ಮಾವನವರಿಗೆ ವಾಸನೆಯೇ ತಿಳಿಯುತ್ತಿಲ್ಲವಂತೆ. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ. ಯಾರಿಗೂ ಹೇಳಿಕೊಂಡಿಲ್ಲ. 'ನಿಮ್ಮ ಗೋಷ್ಠಿಗೆ ಮಾತ್ರ ತಪ್ಪದೆ ಬರ್ತಾರೆ' ಎಂದು ನಕ್ಕರು.

ಬಾಳೆಹಣ್ಣಿನ ರುಚಿಯಲ್ಲಿ ನಾಲಗೆಯ ಪಾಲು ಸ್ವಲ್ಪ. ಸಿಹಿ, ಹುಳಿ, ಒಗರು, ಅಷ್ಟೆ. ಉಳಿದದ್ದೆಲ್ಲ ಮೂಗಿನದು. ಐಸೋಅಮೈಲ್ ಅಸಿಟೇಟ್ ಮೊದಲಾದ ಗಾಳಿಗೆ ಹಾರುವ ದ್ರವ್ಯಗಳು ಗಂಟಲ ಹಿಂದಿನಿಂದ ಮೂಗನ್ನು ಸೇರಿದಾಗಲೇ ನಾವು ಬಾಳೆಹಣ್ಣು ಎನ್ನುತ್ತೇವೆ. ಹಾಗಾದರೆ ಯಾರಿಗಾಗಿ ನಾನು ಈ ಹಿತ್ತಿಲಿನ ಚಿಪ್ಪನ್ನು ಹುಡುಕಿದೆನೋ ಅವರಿಗೆ ಮಾರುಕಟ್ಟೆಯ ಹಣ್ಣಾದರೇನು, ಇದಾದರೇನು? ನೋಟಕ್ಕೆ ಚೆಲುವಾಗಿ, ನುಣ್ಣಗೆ, ಸಿಹಿಯಾಗಿರುವ ಎರಡನೆಯದನ್ನೇ ಒಯ್ದರೆ ಅವರಿಗೂ ಹಿತ, ನನಗೂ ಕೀರ್ತಿ. ಕೊನೆಯ ರಾತ್ರಿ ಎರಡು ಸಲ ಎದ್ದು ಹೋಗಿ ಡಬ್ಬ ತೆರೆದು ನೋಡಿದೆ. ಎರಡನೆಯ ಸಲ ಮುಚ್ಚಳ ತೆಗೆದಾಗ ಅಡಿಗೆಮನೆಗೆ ಆ ಪರಿಮಳ ಬಂತು. ಐವತ್ತು ವರ್ಷಗಳ ಹಿಂದಿನ ಮೂರು ಬೆಂಚುಗಳು ನೆನಪಾದುವು. ಆ ಚಿಪ್ಪನ್ನೇ ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.

ತಿರುಮಕೂಡಲಿನ ದಾರಿಯಾಗಿ ಹೋದೆ. ನಂಜನಗೂಡಿನ ಕಪಿಲೆ ಅಲ್ಲಿಯವರೆಗೂ ಬಂದು ಕಾವೇರಿಯನ್ನು ಕೂಡುತ್ತಾಳೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನ ಒಂದೊಂದು ಕುಲುಕಿಗೂ ಕೈಯಡ್ಡ ಹಿಡಿದು ಸೋಮನಾಥಪುರ ಮುಟ್ಟಿದೆ.

ಏಳು ಎಲೆ ಬಂದುವು. ನಾಲ್ಕು ಮೆಣಸಿನ ಕಾಳಿನ ಎಲೆ ನನ್ನದೆಂದು ಚುಕ್ಕೆಯ ಹಣ್ಣನ್ನು ಕಂಡ ನನಗೆ ತಿಳಿದುಹೋಯಿತು. ಮಿತ್ರರು ಒಂದೊಂದನ್ನೂ ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ, ತಲೆದೂಗಿ ಸವಿದರು. ಪಂಡಿತರೂ ಹೋಳನ್ನು ಮೂಗಿನ ಬಳಿ ಹಿಡಿದರು. ಎಲ್ಲರೂ ಹಿಡಿಯುವಷ್ಟೇ ಹೊತ್ತು ಹಿಡಿದರು. ನಾನು ಬೇರೆ ಕಡೆ ನೋಡಿದೆ.

ತೀರ್ಪು ಬಂತು. ಮೊದಲ ಸ್ಥಾನ ಬನ್ನೂರಿನ ಮಿತ್ರರ ಮನೆಯಂಗಳದ ಏಲಕ್ಕಿಗೆ. ನಾಲ್ಕು ಕಾಳಿನದಕ್ಕೆ ಐದನೆಯ ಸ್ಥಾನ. 'ಪರಿಮಳವೇನೋ ಇದೆ, ಆದರೆ ಸರಿಯಾಗಿ ಹಣ್ಣಾಗಿಲ್ಲ, ಗಟ್ಟಿ ಗಟ್ಟಿ' ಎಂದರೊಬ್ಬರು. ನಾನು ಪುರಿ ಅಗಿಯುತ್ತ ಸುಮ್ಮನಿದ್ದೆ.

ಪಂಡಿತರು ಇನ್ನೂ ಅಗಿಯುತ್ತಿದ್ದರು. ಬಾಯಲ್ಲಿ ಏನನ್ನೋ ಈ ದವಡೆಯಿಂದ ಆ ದವಡೆಗೆ ಹೊರಳಿಸಿದರು.

'ಇದು ನಿನ್ನದೇನಯ್ಯಾ?' ಎಂದರು ನನ್ನ ಕಡೆ ತಿರುಗಿ.

'ಹೌದು, ಗುರುಗಳೇ. ಹೇಗೆ ತಿಳೀತು?'

'ಗಂಟು ಸಿಕ್ಕಿತಲ್ಲಯ್ಯ! ನಮ್ಮ ತೋಟದ್ದರಲ್ಲಿ ಗಂಟಿಲ್ಲದ ಚಿಪ್ಪೇ ಇರುತ್ತಿರಲಿಲ್ಲ. ನೀವು ಹುಡುಗರು ಉಗಿದು ಬೆಂಚಿನ ಕೆಳಗೆ ಅಂಟಿಸ್ತಿದ್ದಿರಿ.'

ಅದು ನಿಜವಾಗಿತ್ತು. ಪರಿಮಳವನ್ನು ನೆನಪಿಟ್ಟುಕೊಂಡ ನಾನು ಗಂಟನ್ನು ಮರೆತೇಬಿಟ್ಟಿದ್ದೆ.

ಅವರು ಎಲ್ಲಿಯದು, ಎಷ್ಟು ಗಿಡ, ಯಾವ ನೀರು ಎಂದು ಕೇಳಿದರು. ಹನ್ನೊಂದು ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

'ಒಂದು ಕಂದು ಕೇಳಿ ತರಲೇ, ಗುರುಗಳೇ? ನಿಮ್ಮ ಹಿತ್ತಿಲಿಗೆ...'

'ಬೇಡ, ಬೇಡ' ಎಂದರು ತಟ್ಟನೆ. 'ನಮ್ಮ ಮಣ್ಣಿಗೆ ತರಬೇಡ. ಅಲ್ಲಿಂದ ಅದನ್ನು ಅಲುಗಿಸಲೇಬೇಡ.' ಮತ್ತೆ ಯೋಚಿಸಿ ಕೇಳಿದರು: 'ನೀನು ಒಳಗೆ ಹೋದೆಯಾ? ಚಪ್ಪಲಿ ಬಿಡಿಸಿದನೋ?'

'ಬಾಗಿಲಲ್ಲೇ ಬಿಡಿಸಿದ.'

'ಹಾಗೋ' ಎಂದು, ನಾಲ್ಕು ಕಾಳಿನ ಎಲೆಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡು, ಇನ್ನೊಂದು ಹೋಳನ್ನು ತೆಗೆದುಕೊಂಡರು.